ಗೌರಕ್ಕ ಹೊಲಿದ ಎರಡನೆಯ ಅಂಗಿ

ಗೌರಕ್ಕನ ಕೊರಳಲ್ಲಿ ಅಳತೆಯ ಟೇಪು ಸದಾ ನೇತಾಡುತ್ತಿತ್ತು. ಅವಳು ಅದನ್ನು ಬಳಸಿದ್ದನ್ನು ನಾನು ಕಂಡದ್ದು ಕಡಿಮೆ. ಎದುರಿಗೆ ನಿಂತವರ ಬೆನ್ನಿಗೊಮ್ಮೆ ಗೇಣು ಹಾಕುವಳು, ಭುಜದ ಮೇಲೆ ನಾಲ್ಕು ಬೆರಳಿಡುವಳು, ಅಷ್ಟೇ. ಬಸವಕಲ್ಯಾಣದ ನಮ್ಮ ಓಣಿಯ ಹೆಂಗಸರ ಅಳತೆಯೆಲ್ಲ ಅವಳ ತಲೆಯಲ್ಲಿತ್ತು. ಒಮ್ಮೆ ಶಹನಾಜ್ ಖಾಲಾ, "ಗೌರಾ, ಹೋದ ಸಲದ ಅಳತಿಗೇ ಹೊಲಿ," ಎಂದಾಗ ಅಕ್ಕ ತುಟಿಯಲ್ಲಿದ್ದ ಗುಂಡುಪಿನ್ನು ತೆಗೆಯದೆ, "ಹೋದ ಸಲದ ಖಾಲಾನ್ನ ಕರಕೊಂಡು ಬರ್ರಿ, ಹೊಲೀತೀನಿ," ಎಂದಿದ್ದಳು. ಖಾಲಾ ನಕ್ಕೂ ನಕ್ಕೂ ಅಲ್ಲೇ ಕುಸಿದು ಕುಳಿತಿದ್ದರು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನನಗೆ ಮೂರಾದಾಗ ಅವ್ವ ತೀರಿಕೊಂಡಳು. ಅಲ್ಲಿಂದ ನನ್ನನ್ನು ಸಾಕಿದ್ದು ಅವಳೇ. ಬೇರೆ ಮಕ್ಕಳ ಬೆನ್ನಿಗೆ ಅವಳು ಗೇಣು ಹಾಕಿದರೆ ನನಗೆ ಆಗುತ್ತಿರಲಿಲ್ಲ. ಹೊಲಿಗೆ ಯಂತ್ರದ ಬಾಬಿನ್ ಕದ್ದು ಬಚ್ಚಿಡುತ್ತಿದ್ದೆ. ಚಿಟಗುಪ್ಪದಿಂದ ಅವಳಿಗೊಂದು ಸಂಬಂಧ ಬಂದಾಗ ನನಗೆ ನಾಲ್ಕು ದಿನ ಜ್ವರ. ಅವಳು ಒಲ್ಲೆ ಎಂದಳು. ಜ್ವರವೋ ಹಟವೋ ಈಗ ಹೇಳಲಾರೆ. ನನಗಾಗಿಯೇ ಒಲ್ಲೆ ಎಂದಳೆಂಬ ಹೆಮ್ಮೆ ಮಾತ್ರ ಬಹಳ ಕಾಲ ಇತ್ತು.

ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಅಂಗಡಿಯ ಕೆಲಸವೆಂದು ವಾರಕ್ಕೆರಡು ಸಲ ಹುಮನಾಬಾದಿಗೆ ಹೋಗುತ್ತಿದ್ದ. ದೀಪಾವಳಿಗೆ ಅವನು ಬಟ್ಟೆ ತಂದರೆ ಅಕ್ಕ ಅದನ್ನು ಎರಡು ಮಡಿಕೆ ಮಾಡಿ, ಒಂದೇ ಕತ್ತರಿಗೆ ಎರಡು ಅಂಗಿ ಕತ್ತರಿಸುತ್ತಿದ್ದಳು. ಒಂದು ನನ್ನದು.

"ಇನ್ನೊಂದು ಯಾರಿಗೆ?"

"ಗಿರಾಕಿಗೆ."

"ನನ್ನ ಬಟ್ಟಿ ಯಾಕ ಕೊಡ್ತೀ?"

"ನಿನ್ನ ಹೆಸರು ಬರದಾರೇನೋ ಅದರ ಮ್ಯಾಲ?"

ನನ್ನ ಅತಿ ಹಳೆಯ ನೆನಪೂ ಅಂಥದೊಂದು ಅಂಗಿಯದೇ. ಹುಮನಾಬಾದಿನ ಒಂದು ಹೋಟೆಲು. ಅಪ್ಪ, ಅಕ್ಕ, ನಾನು. ಎದುರಿನ ಗೋಡೆಗೆ ದೊಡ್ಡ ಕನ್ನಡಿ. ಅದರಲ್ಲಿ ನೀಲಿ ಚೌಕಳಿ ಅಂಗಿ ತೊಟ್ಟ ನಾನು. ಅಕ್ಕ ನನ್ನ ಗದ್ದ ಹಿಡಿದು ಮುಖ ತಿರುಗಿಸಿ, "ಕನ್ನಡಿ ಅದು. ಭಾಳ ನೋಡಬಾರದು," ಎಂದಳು. ಕನ್ನಡಿಯ ಹುಡುಗನ ಕೈಯಲ್ಲಿ ಜಿಲೇಬಿ ಇತ್ತು, ನನ್ನ ಕೈಯಲ್ಲಿರಲಿಲ್ಲ. ಮಕ್ಕಳ ನೆನಪು ಕಲಸುಮೇಲೋಗರ ಎಂದು ಸುಮ್ಮನಾಗಿದ್ದೆ. ಕಲಬುರಗಿಯಲ್ಲಿ ಇತಿಹಾಸ ಪಾಠ ಮಾಡುತ್ತ, ಎರಡನೆಯ ಸಾಕ್ಷಿಯಿಲ್ಲದೆ ಯಾರ ಮಾತನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುವ ನಾನು, ಈ ಕನ್ನಡಿಗೆ ಮಾತ್ರ ಸಾಕ್ಷಿ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಶಹನಾಜ್ ಖಾಲಾನ ಕಮೀಜನ್ನು ಆರು ವರ್ಷದ ಹುಡುಗಿಯ ಅಳತೆಗೆ ಹೊಲಿದಳು. ಆಮೇಲೆ ಹೆಸರುಗಳು ಒಂದೊಂದಾಗಿ ಅವಳ ನೆನಪಿನಿಂದ ಹೋದವು. ಓಣಿಯ ಹೆಣ್ಣುಮಗಳೊಬ್ಬಳನ್ನು ನೋಡಿಕೊಳ್ಳಲು ಇಟ್ಟು, ನಾನು ಭಾನುವಾರ ಬರುತ್ತಿದ್ದೆ. ಒಂದು ಭಾನುವಾರ ನನ್ನ ಬೆನ್ನ ಮೇಲೆ ಕೈಯಾಡಿಸಿ ಹೇಳಿದಳು: "ರೇವು, ಸೊರಗೀದಿ. ನಿಮ್ಮವ್ವ ಸರಿ ಉಣ್ಣಾಕ ಹಾಕಾಕತ್ತಿಲ್ಲೇನು?"

"ಯಾವ ರೇವು, ಅಕ್ಕಾ?"

"ಹುಚ್ಚಪ್ಪಾ, ನಿನ್ನ ಹೆಸರು ನಿನಗೇ ಮರ್ತದೇನು?"

ನಾನು ತಿದ್ದಲಿಲ್ಲ. ವಾರ ವಾರ ತುಣುಕು ತುಣುಕಾಗಿ ಎಲ್ಲ ಹೊರಬಿತ್ತು. ಹುಮನಾಬಾದಿನಲ್ಲಿ ಅಪ್ಪನಿಗೆ ಇನ್ನೊಂದು ಮನೆಯಿತ್ತು, ಅದೂ ಅವ್ವ ಬದುಕಿದ್ದಾಗಲೇ. ಆ ಮನೆಯ ಹುಡುಗ ರೇವು, ನನಗಿಂತ ಏಳು ತಿಂಗಳು ಸಣ್ಣವನು. ಎರಡನೆಯ ಅಂಗಿ ಅವನದು. "ಅವತ್ತು ಹೋಟೆಲಿನ್ಯಾಗ ನೀವಿಬ್ಬರೂ ಒಂದೇ ಅಂಗಿ ತೊಟ್ಟಿದ್ರಿ," ಎಂದು ಅಕ್ಕ ನಕ್ಕಳು. "ಮಲ್ಲು ನಿನ್ನ ಮ್ಯಾಲಿನ ಕಣ್ಣು ಕೀಳವಲ್ಲ. ಕನ್ನಡಿ ಅಂತ ಹೇಳಿದೆ. ಪಾಪ, ನಂಬಿದ."

ಮಲ್ಲು ನಾನೇ. ಆ ಭಾನುವಾರದವರೆಗೂ ನಂಬಿದ್ದೆ.

ಮರೆವಿನವರ ಮಾತು ಎಷ್ಟು ಖರೆ? ಎರಡನೆಯ ಸಾಕ್ಷಿಗಾಗಿ ಹುಮನಾಬಾದಿಗೆ ಹೋದೆ. ಅವಳು ಹೇಳಿದ ರಸ್ತೆಯಲ್ಲೇ ಮೋಟಾರು ರಿಪೇರಿಯ ಅಂಗಡಿಯಿತ್ತು. ಒಳಗೆ ಒಬ್ಬಾತ, ಅಪ್ಪನ ಹಾಗೆಯೇ ಒಂದು ಕಾಲು ಮಡಚಿ ಕುಳಿತು, ಅಪ್ಪನ ಹಾಗೆಯೇ ಎಡಗೈಯಲ್ಲಿ ಬಸಿ ಹಿಡಿದು ಚಹಾ ಊದುತ್ತಿದ್ದ. ರಸ್ತೆ ದಾಟದೆ ತಿರುಗಿ ಬಂದೆ.

ಆಮೇಲೆ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಭಾನುವಾರ ಬಂತೆಂದರೆ ಹೋಗಿ ರೇವು ಆಗುತ್ತಿದ್ದೆ. ನನ್ನನ್ನು ಅವಳು ಬೈದು ಬೆಳೆಸಿದ್ದಳು. ರೇವುವಿನ ತಲೆ ನೇವರಿಸುತ್ತಿದ್ದಳು. ಮಲ್ಲು ಎಲ್ಲಿ ಎಂದು ಒಂದು ಸಲ ಕೇಳಲಿ ಎಂದು ಕಾದೆ. ಕೇಳಲಿಲ್ಲ. ನಿಜವಾದ ರೇವು ಬಂದರೆ ಈ ನೇವರಿಕೆಯೂ ನನಗಿಲ್ಲ. ಅವನನ್ನು ಕರೆಯದಿದ್ದುದಕ್ಕೆ ಇದೊಂದೇ ಕಾರಣ. ಬೇರೆ ಹೇಳಿದರೆ ಸುಳ್ಳಾಗುತ್ತದೆ.

ಅಕ್ಕ ಊಟ ಬಿಟ್ಟ ಮೇಲೆ ಮತ್ತೆ ಹುಮನಾಬಾದಿಗೆ ಹೋದೆ. ಈ ಸಲ ರಸ್ತೆ ದಾಟಿದೆ. ಅವನು ಮುಖ ನೋಡಿದವನೇ ಎದ್ದು ನಿಂತ.

"ಬರ್ರಿ ಅಣ್ಣಾರ. ಅಕ್ಕ ಹ್ಯಾಂಗ ಇದ್ದಾಳ್ರಿ? ಎರಡು ವರ್ಷಾತು, ಈ ಕಡೆ ಬಂದಿಲ್ಲ. ಸಿಟ್ಟಾಗ್ಯಾಳ ಅಂದ್ಕೊಂಡಿದ್ದೆ."

"ನೀನಾದ್ರೂ ಬರಬೇಕಿಲ್ಲ?"

"ಕಲ್ಯಾಣಕ್ಕ ಕಾಲಿಡಬ್ಯಾಡ, ಮಲ್ಲುಗ ಗೊತ್ತಾಗಬಾರದು ಅಂತ ಆಣಿ ಹಾಕಿದ್ಲ್ರಿ." ಕೈಯಲ್ಲಿದ್ದ ತಾಮ್ರದ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. "ದೀಪಾವಳಿಗೆ ಅಂಗಿ ಬರ್ತಿತ್ತು. ಕಲ್ಯಾಣದ ಅಣ್ಣಗ ಕತ್ತರಿಸಿ ಉಳಿದದ್ದು ಅಂತಿದ್ಲು ನಮ್ಮವ್ವ. ಹಾಕ್ಕೊಳ್ಳಾಕ ಮನಸ್ಸೇ ಆಗ್ತಿರಲಿಲ್ರಿ."

ಅಕ್ಕನ ಸ್ಥಿತಿ ಹೇಳಿದೆ. ನನಗೆ ಅವನ ವಿಷಯ ತಿಳಿದು ಮೂರು ತಿಂಗಳಾಯಿತು ಎಂದೂ ಹೇಳಿದೆ.

"ಮೂರು ತಿಂಗಳೇನ್ರಿ?" ಎಂದ. ಅಂಗಡಿಯ ಷಟರ್ ಎಳೆದ.

ನಾವಿಬ್ಬರೂ ಕಲ್ಯಾಣದ ಮನೆ ಮುಟ್ಟಿದಾಗ ಅಕ್ಕ ಹಾಸಿಗೆಯ ಮೇಲೆ ಕುಳಿತಿದ್ದಳು. ರೇವುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೋಮವಾರ ಬರ್ರಿ, ಕೈಯಾಗ ಭಾಳ ಕೆಲಸ ಅದ," ಎಂದಳು. ಅವನು ಬಾಗಿಲ ಪಕ್ಕ ಕುಳಿತ. ನಾನು ಗೆದ್ದೆನೆಂದೇ ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ರೇವು, ನೀ ಈಗ ಏಳು. ಮಲ್ಲು ಬರೋ ಹೊತ್ತಾತು. ನಿನ್ನ ನೋಡಿದ್ರ ಅವ ತಡಕೊಳ್ಳೂದಿಲ್ಲ. ನಿನಗ ಅವ್ವ ಇದ್ದಾಳ. ಅವಗ ನಾ ಒಬ್ಬಾಕೀನೇ."

ಪಿಸುಮಾತು ಎಂದುಕೊಂಡಿದ್ದಳು, ಓಣಿಗೆಲ್ಲ ಕೇಳುವಂತಿತ್ತು. ರೇವು ನನ್ನನ್ನೇ ನೋಡುತ್ತಿದ್ದ. ಹೋಟೆಲಿನ ಕನ್ನಡಿಯಲ್ಲಿ ಕಂಡಿದ್ದ ಆ ನೋಟ ನನಗೆ ಹೊಸದಲ್ಲ. ನಾನೇ ಮಲ್ಲು ಎಂದು ಹೇಳಲು ಬಾಯಿ ತೆರೆದೆ. ಅವಳ ಕಣ್ಣು ಬಾಗಿಲ ಕಡೆಗಿತ್ತು, ನನ್ನನ್ನು ಬೇಗ ಕಳಿಸುವ ಆತುರ ಅದರಲ್ಲಿತ್ತು.

"ಹೊಂಟೆ ಅಕ್ಕ," ಎಂದು ಎದ್ದೆ. ಏಳಲು ಹೋದ ರೇವುವಿನ ಭುಜ ಒತ್ತಿ ಕೂರಿಸಿ ಹೊರಗೆ ಬಂದೆ. ಅವಳನ್ನು ನಾನು ಜೀವಂತ ಕಂಡದ್ದು ಅದೇ ಕೊನೆ. ಆ ವಾರ ದಾಟಲಿಲ್ಲ.

ಓಣಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಅವಳ ದನಿ ಕೇಳಿತು: "ಮಲ್ಲು, ಬಂದೇನಪಾ? ಎಷ್ಟೊತ್ತು ಮಾಡಿದ್ಯೋ. ಕಾದು ಕಾದು ಸಾಕಾತು ನನಗ."

ರೇವು, "ಬಸ್ಸು ತಡ ಆತಕ್ಕ," ಎಂದ.

ಹೊಟ್ಟೆ ಉರಿಯಿತು. ಒಳಗೆ ಹೋಗಲಿಲ್ಲ.