ಒಳಗೆ ಯಾರಾನಾ ಇದ್ದೀರಾ?

ಬಂಗಾರಪೇಟೆಯ ನನ್ನ ಕಂಪ್ಯೂಟರ್ ಅಂಗಡಿಗೆ ಊರಿಗಾಂನಿಂದ ಒಬ್ಬ ತಾತ ಹಾರ್ಡ್ ಡಿಸ್ಕ್ ತಂದಿದ್ದರು. ಚಿನ್ನದ ಗಣಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸುತ್ತಿದ್ದವರು. ಡಿಸ್ಕ್ ಮಗಳ ಮ್ಯಾಕ್‌ನಲ್ಲಿ ಓಡುತ್ತಂತೆ, ಮನೆಯ ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಗುರುತೇ ಹಿಡಿಯಲ್ಲವಂತೆ.

"ಎರಡಕ್ಕೂ ಆಗೋ ಹಾಗೆ ಫಾರ್ಮ್ಯಾಟ್ ಮಾಡ್ತೀನಿ ತಾತ. ಒಳಗಿರೋದೆಲ್ಲ ಅಳಿಸಿಹೋಗುತ್ತೆ, ಅದಕ್ಕೇ ಮೊದಲೇ ನನ್ನ ಮ್ಯಾಕ್‌ಗೆ ಕಾಪಿ ಮಾಡ್ಕೊಂಡಿದೀನಿ" ಅಂತ ಮೌಸ್ ಒತ್ತೋಕೆ ಹೋದೆ. ತಾತ ನನ್ನ ಕೈ ಹಿಡಿದುಬಿಟ್ಟರು.

"ಇರು ತಂಬಿ. ಮದ್ದಿಗೆ ಬೆಂಕಿ ಇಕ್ಕೋಕ್ ಮುಂಚೆ ನಾವು ಮೂರು ಸಲ ಕೂಗ್ತಿದ್ವಿ." ಡಿಸ್ಕಿನ ಮೇಲೆ ಬಗ್ಗಿ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಒಳಗೆ ಯಾರಾನಾ ಇದ್ದೀರಾ?"

ನನಗೆ ನಗುವೂ ಬಂತು, ನನ್ನ ಕೆಲಸ ನನಗೇ ಕಲಿಸ್ತಾರಲ್ಲ ಅಂತ ಸಿಟ್ಟೂ ಬಂತು.

"ಕೂಗಿದ್ರೆ ಸಾಲ್ದು, ತಲೆ ಎಣಿಸ್ಬೇಕು" ಅಂದರು.

ಅವರ ಸಮಾಧಾನಕ್ಕೆ ಎಣಿಸಿದೆ. ಡಿಸ್ಕಲ್ಲಿ ಒಂಬತ್ತು ಫೋಲ್ಡರ್, ನನ್ನ ಹತ್ತಿರ ಎಂಟು. ಒಳಗೇ ಉಳಿದಿದ್ದು ಅವರ ಮಗಳ ಮದುವೆ.

ತಾತ ಹೊರಗೆ ಹೋಗಿ ಬೀಡಿ ಹಚ್ಚಿದರು.

ಈಗ ಪ್ರತಿ ಫಾರ್ಮ್ಯಾಟಿಗೆ ಮುಂಚೆ ನಾನೂ ಕೂಗ್ತೀನಿ. ಪಕ್ಕದಂಗಡಿ ಟೈಲರ್ ಕೂತಲ್ಲಿಂದಲೇ "ಯಾರೂ ಇಲ್ಲ, ಒತ್ತಣ್ಣ!" ಅಂತಾನೆ. ಆದರೂ ಎಣಿಸಿಯೇ ಒತ್ತೋದು.