ಬಣ್ಣದ ಖರ್ಚು ಯಾರ ಖಾತೆಗೆ

ಲೆಕ್ಕದಕ್ಕ ಇಪ್ಪತ್ಮೂರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಕಬ್ಬಿಣದ ಬೀರುಗಳ ಅಂಗಡಿ ಅದು. ಮುಂದೆ ಅಂಗಡಿ, ಹಿಂದೆ ಶೆಡ್ಡು, ನಡುವಿನ ಪುಟ್ಟ ಕೋಣೆಯಲ್ಲಿ ಅವಳ ಮೇಜು. ಯಾವ ಬಿಲ್ಲೇ ಬರಲಿ, ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ತಿಂಗಳ ಕೊನೆಗೆ ಎಲ್ಲ ತಾಳೆಯಾದ ಮೇಲೆ ಅದರ ಮೇಲೆಯೇ ಶಾಯಿ ಓಡಿಸುವುದು ಅವಳ ಪದ್ಧತಿ. ಶಾಯಿ ಬಿದ್ದ ಮೇಲೆ ಅವಳ ಲೆಕ್ಕದಲ್ಲಿ ತಪ್ಪು ಕಂಡುಹಿಡಿದವರಿಲ್ಲ. ಅದು ಅವಳಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ಅಂಗಡಿಯ ಮೊಳೆ ಎಣಿಸುವವಳಿಗೆ ಮನೆಯಲ್ಲಿ ಉಪ್ಪು ಮುಗಿದದ್ದು ಕಾಣುವುದಿಲ್ಲ ಎಂದು ಗಂಡ ಕಾಲೆಳೆಯುತ್ತಿದ್ದ.

ಅಂಗಡಿಗೆ ಎರಡು ಕಡೆಯ ಕೆಲಸ. ಒಂದು, ಮೊದಲಿನಿಂದಲೂ ಇದ್ದ ರಿಪೇರಿ: ಹಳೆಯ ಬೀರುಗಳ ತಗ್ಗು ತಟ್ಟಿ, ಬೀಗ ಕೂರಿಸಿ, ಬಣ್ಣ ಬಳಿದು ಕೊಡುವುದು. ಅದನ್ನು ಒಬ್ಬರೇ ನಿಭಾಯಿಸುತ್ತಿದ್ದವರು ಬಣ್ಣದ ಮಾಮ. ಇನ್ನೊಂದು, ಹೊಸ ಬೀರು ಮಾಡುವುದು. ಏಳು ವರ್ಷದ ಹಿಂದೆ ತಂದೆಯಿಂದ ಅಂಗಡಿ ಕೈಗೆ ಬಂದಾಗ ಚಿಕ್ಕ ಯಜಮಾನ ಆಸೆಪಟ್ಟು ಶುರು ಮಾಡಿದ್ದು. ಅಂದಿನಿಂದ ಪುಸ್ತಕದಲ್ಲಿ ಹೊಸದು ಲಾಭ, ರಿಪೇರಿ ನಷ್ಟ. ಪ್ರತಿ ವರ್ಷ ಅವನು ಮಾಮನ ಮೂಲೆಗೆ ಹೋಗಿ, "ಈ ಸಲವೂ ನಷ್ಟ ಮಾಮ," ಎಂದು ಹೇಳಿ ಬರುತ್ತಿದ್ದ.

ಈ ವರ್ಷ ಲೆಕ್ಕ ನೋಡಿದವನು ಪುಸ್ತಕ ಮುಚ್ಚಿಟ್ಟ.

"ಇನ್ನು ಸಾಕು ಅಕ್ಕ. ರಿಪೇರಿ ನಿಲ್ಲಿಸಿಬಿಡೋಣ. ಮಾಮನ ಲೆಕ್ಕ ಚುಕ್ತಾ ಮಾಡಿ."

"ಅವರಿಗಿನ್ನೂ ಮೂರು ವರ್ಷ ಸರ್ವೀಸಿದೆ."

"ಎಷ್ಟು ದಿನ ಅಂತ ನಷ್ಟ ಹೊರೋದು? ನಾನು ಹೇಳ್ತಿಲ್ಲ, ನಿಮ್ಮ ಪುಸ್ತಕವೇ ಹೇಳ್ತಿದೆಯಲ್ಲ."

ಪುಸ್ತಕ ಹೇಳುತ್ತಿದ್ದದ್ದು ನಿಜ. ಅವಳು ಮಾಮನನ್ನು ಕೆಲಸದಿಂದ ಬಿಡಿಸುವ ಕಾಗದ ಸಿದ್ಧ ಮಾಡಿದಳು.

ಕಾಗದ ಕೊಡುವ ಮೊದಲು ಅವರ ಮೂಲೆಯಲ್ಲಿ ಉಳಿದ ಸಾಮಾನು ಬರೆದುಕೊಳ್ಳಬೇಕಿತ್ತು. ಮರುದಿನ ಬೆಳಿಗ್ಗೆ ಪಟ್ಟಿ ಹಿಡಿದು ಹೋದಳು. ಮಾಮ ಯಾರದೋ ಬೀರುವಿನ ಬಾಗಿಲಿನ ತುಕ್ಕು ಉಜ್ಜುತ್ತಿದ್ದರು.

"ಬಣ್ಣದ ಡಬ್ಬ ಎಷ್ಟು ಉಳಿದಿದೆ ಮಾಮ?"

"ಒಂದೂವರೆ."

ಅವಳು ಪಟ್ಟಿ ನೋಡಿದಳು. "ಹೋದ ತಿಂಗಳು ಹತ್ತೊಂಬತ್ತು ಬಂದಿದೆಯಲ್ಲ?"

"ಹತ್ತೊಂಬತ್ತು ಡಬ್ಬ ಬಳಿಯೋಕೆ ನನಗೇನು ಹತ್ತು ಕೈ ಇದೆಯಾ?" ಮಾಮ ನಕ್ಕರು. "ನನಗೆ ಎರಡು ಸಾಕು, ಕೆಲಸ ಜಾಸ್ತಿ ಬಂದ್ರೆ ಮೂರು. ಮಿಕ್ಕಿದ್ದೆಲ್ಲ ಹೊಸ ಬೀರು ಕಡೆಗೆ ತಾನೇ ಹೋಗೋದು."

ಲೆಕ್ಕದಕ್ಕ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಮೇಜಿಗೆ ಮರಳಿದಳು. ಬರೀ ರಿಪೇರಿ ಇದ್ದ ಕಾಲದಲ್ಲಿ ಬಣ್ಣದ ಬಿಲ್ಲೆಲ್ಲ ರಿಪೇರಿ ಖಾತೆಗೆ ಹೋಗುತ್ತಿತ್ತು. ಹೊಸ ಬೀರು ಶುರುವಾದಾಗ ತಗಡಿಗೆ, ಬೀಗಕ್ಕೆ, ಹಿಡಿಕೆಗೆ ಬೇರೆ ಖಾತೆ ತೆರೆದವಳು ಬಣ್ಣವನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದಳು. ಪ್ರತಿ ವರ್ಷ ಹೊಸ ಪುಸ್ತಕಕ್ಕೆ ಹಳೆಯ ತಲೆಬರಹಗಳನ್ನೇ ಇಳಿಸಿಕೊಂಡಿದ್ದಳು. ಒಟ್ಟು ಮೊತ್ತ ಎಂದೂ ತಪ್ಪಿರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಊಟಕ್ಕೂ ಏಳದೆ ಏಳು ವರ್ಷದ ಬಿಲ್ಲುಗಳನ್ನು ಬಿಡಿಸಿ ಹಾಕಿದಳು. ರಿಪೇರಿ ಒಂದು ವರ್ಷವೂ ನಷ್ಟ ಮಾಡಿರಲಿಲ್ಲ. ಹೊಸ ಬೀರುಗಳಿಗೆ ಬೆಲೆ ಕಟ್ಟುವಾಗ ಬಣ್ಣದ ಖರ್ಚು ಸೇರಿರಲೇ ಇಲ್ಲ. ಒಂದೊಂದು ಬೀರು ಹೊರಗೆ ಹೋದಾಗಲೂ ಅಂಗಡಿ ಅಷ್ಟಿಷ್ಟು ಕಳೆದುಕೊಂಡಿತ್ತು. ಆ ಗುಂಡಿಗೆ ಮಣ್ಣು ತುಂಬುತ್ತಿದ್ದದ್ದು ಮಾಮನ ಮೂಲೆ.

ಸುಮ್ಮನಿದ್ದುಬಿಡಬಹುದು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮುಂದಿನ ತಿಂಗಳಿಂದ ತಲೆಬರಹ ಬದಲಿಸಿದರೆ ಹಳೆಯ ಪುಸ್ತಕ ತೆಗೆದು ನೋಡುವವರು ಯಾರು? ಆದರೆ ಅಷ್ಟರಲ್ಲಿ ಮಾಮ ಮನೆ ಸೇರಿರುತ್ತಾರೆ. ಎದ್ದು ಯಜಮಾನನ ಕೋಣೆಗೆ ಹೋದಳು.

ಅವನು ಹಾಳೆಗಳನ್ನು ಎರಡು ಸಲ ಮಗುಚಿ ನೋಡಿದ. ಮುಖ ಕೆಂಪಾಯಿತು. "ಅಂದ್ರೆ ನನ್ನ ಬೀರುಗಳೇ ನಷ್ಟದಲ್ಲಿದ್ದವಾ?"

"ಹೌದು. ಬೆಲೆ ಸ್ವಲ್ಪ ಏರಿಸಿದ್ರೆ ನಿಲ್ಲುತ್ತೆ. ನಿಮಗೆ ಗೊತ್ತಾಗೋ ಹಾಗೆ ನಾನು ಬರೀಲಿಲ್ಲ. ತಪ್ಪು ನಂದು."

"ಏಳು ವರ್ಷ, ಅಕ್ಕ."

"ಏಳು ವರ್ಷ."

ಅವನು ಹಾಳೆಗಳನ್ನು ಜೋಡಿಸಿ ಅವಳ ಕಡೆ ತಳ್ಳಿದ. "ಮಾಮನ ಕಾಗದ ಹರಿದುಹಾಕಿ. ಮೊದಲು ಇದನ್ನೆಲ್ಲ ತಿದ್ದಿಕೊಡಿ. ನಿಮ್ಮ ವಿಷಯ ಆಮೇಲೆ ನೋಡೋಣ."

ಆಮೇಲೆ ಏನಾಗುತ್ತದೋ ಎಂಬ ಅಳುಕು ಇದ್ದರೂ ಅವಳು ನೇರ ಶೆಡ್ಡಿಗೆ ಹೋಗಿ ಮಾಮನಿಗೆ ನಡೆದದ್ದೆಲ್ಲ ಹೇಳಿದಳು. ಮಾಮ ಉಜ್ಜುತ್ತಿದ್ದ ಕೈ ನಿಲ್ಲಿಸಿದರು.

"ಹಾಗಾದ್ರೆ ನನ್ನ ಮೂಲೆ ನಷ್ಟದಲ್ಲಿ ಇರಲಿಲ್ವಾ?"

"ಒಂದು ವರ್ಷವೂ ಇರಲಿಲ್ಲ."

"ನಾನು ಅದಕ್ಕೇ ಸಂಬಳ ಜಾಸ್ತಿ ಕೇಳಲಿಲ್ಲ ಕಣಮ್ಮ," ಎಂದರು ಮಾಮ. "ದಂಡಕ್ಕೆ ಸಂಬಳ ತಗೋತಿದ್ದೀನಿ, ಇನ್ನು ಯಾವ ಬಾಯಲ್ಲಿ ಕೇಳೋದು ಅಂತ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎಲ್ಲರಿಗೂ ಸಂಬಳ ಏರುವಾಗ ಮಾಮ, "ನಂದು ಇರಲಿ ಬಿಡಿ," ಎನ್ನುತ್ತಿದ್ದದ್ದು ಅವಳಿಗೆ ನೆನಪಿತ್ತು. ಎಂಥ ತೃಪ್ತ ಮನುಷ್ಯ ಎಂದು ಮನೆಯಲ್ಲಿ ಗಂಡನಿಗೆ ಹೇಳಿ ಹೊಗಳಿದ್ದಳು ಕೂಡ.

ಮೇಜಿಗೆ ಮರಳಿದವಳು ಬಣ್ಣದ ಬಿಲ್ಲುಗಳನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆ ತೆಗೆದುಕೊಂಡಳು. ಪೆನ್ಸಿಲು ಮುಟ್ಟದೆ, ನೇರ ಶಾಯಿಯಲ್ಲೇ ಮಾಮನ ತಿಂಗಳ ಸಂಬಳವನ್ನು ವರ್ಷಕ್ಕೊಂದು ಸಾಲಿನಂತೆ ಬರೆದಳು. ಏಳು ಸಾಲಿನಲ್ಲೂ ಒಂದೇ ಅಂಕಿ. ಕೆಳಗೆ ಸಹಿ ಹಾಕಿ, ಆ ಹಾಳೆ ಹಿಡಿದುಕೊಂಡು ಮತ್ತೆ ಯಜಮಾನನ ಬಾಗಿಲು ತಟ್ಟಿದಳು.