ಬಿರುಕಿನ ತುದಿಗೊಂದು ತೂತು

ಹೋದ ವಾರ ಹೊಸಕೋಟೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ನನ್ನ ಸ್ಕೂಟರಿನ ಸೀಳಿದ ಮಡ್‌ಗಾರ್ಡಿಗೆ, ಬಿರುಕು ಬಂದು ನಿಂತ ಜಾಗದಲ್ಲಿ, ಸಣ್ಣದೊಂದು ತೂತು ಕೊರೆದ. "ಇನ್ಮೇಲೆ ಸೀಳು ಮುಂದಕ್ಕೆ ಓಡಲ್ಲ ಸಾರ್," ಅಂದ. ಪಕ್ಕದಲ್ಲಿದ್ದವನು "ಸೂಪರ್ ಗುರು!" ಎಂದು ಅವನ ಬೆನ್ನು ತಟ್ಟಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅಂಥದೇ ಒಂದು ತೂತಿಗೆ ನಾವು ಒಬ್ಬ ಕಸುಬುದಾರನ ಹೆಸರು ಕೆಡಿಸಿದ್ದೆವು...

ನಾನಾಗ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಹಿತ್ತಾಳೆ ವಾದ್ಯ ಒಡೆದರೆ ಸುತ್ತಲಿನ ಬ್ಯಾಂಡಿನವರೆಲ್ಲ ಹೋಗುತ್ತಿದ್ದುದು ಹಳೇ ಬಸ್‌ಸ್ಟ್ಯಾಂಡಿನ ಹಿಂದಿದ್ದ ರಿಪೇರಿ ತಾತನ ಹತ್ತಿರ. ಟ್ರಂಪೆಟ್ಟಿನ ಅಗಲ ಬಾಯಿ ಸೀಳಿದ್ದರೆ ತಾತ ಮೊದಲು ಸೀಳಿನ ತುದಿಗೆ ಸೂಜಿಮೊನೆಯಷ್ಟು ತೂತು ಹೊಡೆಯುತ್ತಿದ್ದರು. ಆಮೇಲೆ ಅಂಚುಗಳನ್ನು ಮೆಲ್ಲಗೆ ಬಡಿದು ಕೂಡಿಸಿ, ಬೆಸುಗೆ ಹಿಡಿಯಲೆಂದು ಬಿಳಿಗಾರದ ಪುಡಿ ಸವರಿ ಬೆಸೆದು, ಬೆರಳಿಗೆ ಗುರುತೇ ಸಿಗದಷ್ಟು ಅರದಿಂದ ಉಜ್ಜುತ್ತಿದ್ದರು. ಎರಡು ದಿನದ ಕೆಲಸ. ಆತುರ ಮಾಡಿದರೆ ಬೈಗುಳ ಗ್ಯಾರಂಟಿ.

ನನ್ನ ಟ್ರಂಪೆಟ್ ಸೀಳಿದಾಗ ನಮ್ಮ ಬ್ಯಾಂಡಿನ ಯಜಮಾನನಿಗೆ ಆ ಎರಡು ದಿನ ತಡೆಯಲಾಗಲಿಲ್ಲ. ಬೂದಿಗೆರೆಯಲ್ಲಿ ಮದುವೆ ಮೆರವಣಿಗೆ ಇತ್ತು. ತಾತ ತೂತು ಹೊಡೆದಿದ್ದರಷ್ಟೇ, ಬೆಸುಗೆ ಇನ್ನೂ ಹಾಕಿರಲಿಲ್ಲ. "ಹಂಗೇ ಊದ್ಬೇಡ್ರಪ್ಪಾ, ನಾಳೆ ಬೆಸುಗೆ ಹಾಕ್ಕೊಡ್ತೀನಿ," ಅಂತ ಬೇಡಿಕೊಂಡರು. ಯಜಮಾನ ಕಿತ್ತುಕೊಂಡು ಬಂದ. ನೀರಿನ ಪೈಪಿಗೆ ಹಾಕುವ ಅಂಟು ಮೆತ್ತಿಸಿ, ಮೇಲೆ ಚಿನ್ನದ ಬಣ್ಣ ಬಳಿಸಿದ. ಮೆತ್ತಿದವನು ನಾನೇ.

ಮೆರವಣಿಗೆ ಅರ್ಧ ದಾರಿಗೆ ಬರುವಷ್ಟರಲ್ಲಿ ಅಂಟು ಉದುರಿ, ಟ್ರಂಪೆಟ್ ಒಡಕು ಡಬ್ಬದ ಹಾಗೆ ಗರಗರ ಅಂದಿತು. ಗಂಡಿನ ಕಡೆಯವರು ರೇಗಿದರು. ಆ ನಾಚಿಕೆಗೆಟ್ಟ ಯಜಮಾನ ವಾದ್ಯ ಎತ್ತಿ ಹಿಡಿದು ತಾತ ಕೊರೆದ ತೂತನ್ನೇ ತೋರಿಸಿದ.

"ನೋಡಿ ಸ್ವಾಮಿ, ರಿಪೇರಿ ಮಾಡು ಅಂದ್ರೆ ಆ ಮುದುಕ ತೂತು ಹೊಡ್ದು ಹಾಳ್ಮಾಡವ್ನೆ!"

ಕೆಲಸ ಬಲ್ಲವನ ಗುರುತನ್ನೇ ತಪ್ಪಿಗೆ ಸಾಕ್ಷಿ ಮಾಡಿಬಿಟ್ಟ. ಅಲ್ಲಿದ್ದ ಬೇರೆ ಬ್ಯಾಂಡಿನವರೂ ನಂಬಿದರು. ನಿಜ ಗೊತ್ತಿದ್ದದ್ದು ಅವನಿಗೆ, ನನಗೆ. ಕೆಲಸ ಹೋದೀತೆಂದು ಬಾಯಿ ಮುಚ್ಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಮಾತು ಊರೂರಿಗೆ ಹಬ್ಬಿತು. ವರ್ಷ ತುಂಬುವುದರೊಳಗೆ ತಾತನ ಅಂಗಡಿ ಕಡೆ ಯಾರೂ ತಲೆ ಹಾಕದಂತಾಯಿತು. ಅಷ್ಟು ವರ್ಷ ಅವರ ಕೈಯಿಂದಲೇ ವಾದ್ಯ ಸರಿಮಾಡಿಸಿಕೊಂಡವರು! ಒಬ್ಬನಾದರೂ ಹೋಗಿ, ಯಾಕೆ ತೂತು ಹೊಡೆದಿರಿ ತಾತ ಎಂದು ಕೇಳಬಹುದಿತ್ತಲ್ಲ... ನಾನೂ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಹೋದ ವಾರ ಆ ಗ್ಯಾರೇಜಿನಿಂದ ನೇರ ತಾತನ ಮನೆಗೆ ಹೋದೆ. ಅವರು ತೀರಿಕೊಂಡು ಮೂರು ವರ್ಷವಾಯಿತಂತೆ. ಮನೆಯಲ್ಲಿ ಅವರ ಹೆಂಡತಿ ಇದ್ದರು; ಆ ಅಜ್ಜಿಯ ಮುಂದೆ ಅಂಟಿನ ಸಂಗತಿಯನ್ನೆಲ್ಲ ಹೇಳಿಕೊಂಡೆ. ಅಜ್ಜಿ ಅಳಲಿಲ್ಲ, ನಾನು ಬಯಸಿದ್ದಂತೆ ಬೈಯಲೂ ಇಲ್ಲ.

"ಊದೋನಿಗೆ ಎಲ್ಲಾ ಗೊತ್ತದೆ, ಅವ್ನು ಬಂದು ಹೇಳ್ತಾನೆ ಅಂತಿದ್ರು ಕಣಪ್ಪಾ," ಅಂದರು. "ಅಂಗಡಿ ಮುಚ್ಚಿದ್ಮೇಲೂ ದಿನಾ ಹೋಗಿ ಆ ಜಗಲಿ ಮೇಲೆ ಕೂತ್ಕೊಳ್ಳೋರು."